ಟೀಚರಿಗೊಂದು ಪ್ರಶ್ನೆ: ಶಾಲೆಯಲ್ಲಿ ನಾಟಕ ಯಾಕೆ?

ಶಾಲಾ ನಾಟಕದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದು ನಾಲ್ಕೇ ಸಾಲು. ಅದಕ್ಕೆ ಬಂದ ಪತ್ರಗಳು ಮೇಜಿನ ಮೇಲೆ ಒಂದು ಕಟ್ಟಾಗಿ ಕುಳಿತಿವೆ. ಹಾಗಾಗಿ ಈ ಬಾರಿ ಬೇರೆ ವಿಷಯಗಳನ್ನೆಲ್ಲ ಬದಿಗಿಟ್ಟು ಐದು ಪತ್ರಗಳಿಗೆ ಉತ್ತರಿಸುತ್ತಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಕಾಸರಗೋಡು ಜಿಲ್ಲೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಕನ್ನಡ ಪಾಠ ಮಾಡಿದವಳು. ರಂಗಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನಗೆ ಗೊತ್ತಿರುವಷ್ಟು ನಾಟಕವನ್ನು ಕಲಿಸಿದವರು ನನ್ನ ಮಕ್ಕಳೇ.

ಪ್ರಶ್ನೆ: ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಶಾಲೆಯ ನಾಟಕಕ್ಕೆ ಆಯ್ಕೆಯಾದ ಮೇಲೆ ದಿನವೂ ಐದೂವರೆಯವರೆಗೆ ಅಭ್ಯಾಸ. ನಾಲ್ಕೂಕಾಲರ ಬಸ್ಸು ತಪ್ಪಿದರೆ ಮತ್ತೆ ಆರು ಗಂಟೆಗೇ ಬಸ್ಸು. ಮನೆ ಮುಟ್ಟುವಾಗ ಕತ್ತಲಾಗುತ್ತದೆ. ಗಣಿತದಲ್ಲಿ ಅಂಕವೂ ಇಳಿದಿದೆ. ನಾಟಕದಿಂದ ಅವಳಿಗೆ ಏನು ಪ್ರಯೋಜನ? ಬಿಡಿಸಿಬಿಡಲೇ? – ಒಬ್ಬ ತಂದೆ, ಪೆರ್ಲ

ಮೊದಲು ಬಸ್ಸಿನ ವಿಚಾರ ಮುಗಿಸೋಣ. ಎಂಟನೆಯ ತರಗತಿಯ ಹುಡುಗಿ ಮಳೆಗಾಲದಲ್ಲಿ ಕತ್ತಲೆಗೆ ಒಬ್ಬಳೇ ಇಳಿದು ನಡೆಯಬೇಕಾದರೆ ತಂದೆಗೆ ಆತಂಕವಾಗುವುದು ಸಹಜ. ಅದನ್ನು ಶಾಲೆಗೆ ನೇರವಾಗಿ ಹೇಳಿ. ಅಭ್ಯಾಸವನ್ನು ಮಧ್ಯಾಹ್ನದ ಊಟದ ಬಿಡುವಿಗೂ ಶನಿವಾರ ಬೆಳಿಗ್ಗೆಗೂ ಬದಲಾಯಿಸಲು ಕೇಳಿ. ಅದೇ ದಾರಿಯ ಇತರ ಮಕ್ಕಳಿದ್ದರೆ ಒಂದು ಜೀಪನ್ನು ಎಲ್ಲರೂ ಸೇರಿ ಗೊತ್ತು ಮಾಡಬಹುದು. ನನ್ನ ಶಾಲೆಯಲ್ಲಿ ನಾವು ಹಾಗೆಯೇ ಮಾಡುತ್ತಿದ್ದೆವು. ಸಮಯ ಬದಲಾಯಿಸಲು ಆಗುತ್ತದೆಯೇ ಎಂದು ಕೇಳದೆ ಮಗುವನ್ನು ಬಿಡಿಸಬೇಡಿ.

ಇನ್ನು ಗಣಿತ. ನಾಟಕ ಮಾಡಿದರೆ ಗಣಿತದ ಅಂಕ ಏರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಗಣಿತಕ್ಕೆ ಗಣಿತವನ್ನೇ ಮಾಡಬೇಕು. ನಾಟಕ ಕೊಡುವುದು ಬೇರೆಯದನ್ನು. ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಒಂದು ವಾರ್ಷಿಕೋತ್ಸವದಲ್ಲಿ ನೀರು ತರುವ ಹುಡುಗಿಯ ಪಾತ್ರದವಳು ಮಾತು ಮರೆತಳು. ಮುನ್ನೂರು ಜನ ನೋಡುತ್ತಿದ್ದಾರೆ, ಅವಳ ಕೈಯ ಕೊಡ ನಡುಗುತ್ತಿದೆ. ಆಗ ಅಜ್ಜಿಯ ವೇಷದಲ್ಲಿದ್ದ ಇನ್ನೊಬ್ಬಳು, ತನ್ನ ಸರದಿ ಬಾರದಿದ್ದರೂ, ಕೋಲೂರಿಕೊಂಡು ಹತ್ತಿರ ಬಂದು, "ಏನು ಮಗಳೇ, ನೀರಿಗೆಂದು ಬಂದವಳು ನಿಂತೇಬಿಟ್ಟೆಯಲ್ಲ? ಬಾವಿಯ ಹಗ್ಗ ಕಡಿದುಹೋಯಿತು ಎಂದು ಹೇಳುವುದಕ್ಕೆ ಭಯವೇ?" ಎಂದಳು. ಹಗ್ಗ ಕಡಿದದ್ದೇ ಮೊದಲಿನವಳು ಹೇಳಬೇಕಾಗಿದ್ದ ಮಾತು. ನಾಟಕ ಮುಂದೆ ಸಾಗಿತು, ಸಭಿಕರಿಗೆ ಗೊತ್ತೇ ಆಗಲಿಲ್ಲ. ಪರದೆಯ ಹಿಂದೆ ನಿಂತಿದ್ದ ನಾನು ಮಾತ್ರ ಅತ್ತುಬಿಟ್ಟೆ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದವಳಿಗೆ ಹೇಳಿಕೊಟ್ಟರೆ ಅಪರಾಧ. ರಂಗದ ಮೇಲೆ ಹೇಳಿಕೊಡದಿದ್ದರೆ ಅಪರಾಧ. ಮಗುವಿಗೆ ಎರಡೂ ಬಗೆಯ ಬದುಕು ಗೊತ್ತಿರಬೇಕು.

ಇನ್ನೊಂದು ಪ್ರಯೋಜನ ನಮ್ಮ ಗಡಿನಾಡಿನ ಮಕ್ಕಳಿಗೇ ಸೇರಿದ್ದು. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ನಿಮ್ಮ ಮಗಳು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುತ್ತಿರಬಹುದು. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ. ಪುಸ್ತಕದ ಕನ್ನಡ ಅವಳ ಬಾಯಿಗೆ ಬರುವುದು ಪ್ರಶ್ನೆಗೆ ಉತ್ತರ ಒಪ್ಪಿಸುವಾಗ ಮತ್ತು ರಜಾ ಅರ್ಜಿ ಬರೆಯುವಾಗ ಮಾತ್ರ. ಆ ಭಾಷೆಯಲ್ಲಿ ಅವಳು ಯಾರ ಮೇಲೂ ಸಿಟ್ಟು ಮಾಡಿಲ್ಲ, ಯಾರನ್ನೂ ಬೇಡಿಕೊಂಡಿಲ್ಲ, ಚೌಕಾಸಿ ಮಾಡಿಲ್ಲ, ಸುಳ್ಳು ಹೇಳಿ ಸಿಕ್ಕಿಬಿದ್ದಿಲ್ಲ. ನಾಟಕದಲ್ಲಿ ಇವೆಲ್ಲವನ್ನೂ ಮಾಡುತ್ತಾಳೆ. ಒಂದು ತಿಂಗಳು ಒಂದು ಪಾತ್ರದ ಸಿಟ್ಟನ್ನು ಕನ್ನಡದಲ್ಲಿ ಆಡಿದ ಹುಡುಗಿಗೆ ಆ ಭಾಷೆ ತನ್ನದೇ ಆಗಿಬಿಡುತ್ತದೆ. ವ್ಯಾಕರಣ ಪಾಠದಿಂದ ನಾನು ಮೂವತ್ತು ವರ್ಷಗಳಲ್ಲಿ ಅದನ್ನು ಸಾಧಿಸಲಾಗಲಿಲ್ಲ.

ಹತ್ತನೆಯ ತರಗತಿಯವರೆಗೆ ಸಂಗೀತ, ನೃತ್ಯ, ಚಿತ್ರಕಲೆ, ನಾಟಕ ಇವು ಕಲಿಕೆಯ ಭಾಗವಾಗಿಯೇ ಇರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಅಂದರೆ ನಿಮ್ಮ ಮಗಳು ಓದನ್ನು ಬಿಟ್ಟು ನಾಟಕಕ್ಕೆ ಹೋಗುತ್ತಿಲ್ಲ. ಸ್ಪರ್ಧೆಯಲ್ಲಿ ಗೆದ್ದರೆ ಪರೀಕ್ಷೆಗೆ ಸೇರುವ ಹೆಚ್ಚುವರಿ ಅಂಕದ, ಆ ಕೃಪಾಂಕದ, ಆಸೆಯಿಂದ ಮಾತ್ರ ಕಳುಹಿಸಬೇಡಿ. ಅದು ಸಿಕ್ಕಿದರೆ ಸಿಕ್ಕಲಿ.

ಪ್ರಶ್ನೆ: ನಾನು ಕಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕಿ. ನನ್ನ ನಾಲ್ಕನೆಯ ತರಗತಿಯಲ್ಲಿ 16 ಮಕ್ಕಳಿದ್ದಾರೆ, ಮನೆಮಾತು ಐದು: ತುಳು, ಮಲಯಾಳ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ. ವೇದಿಕೆ ಇಲ್ಲ, ಹಣವಿಲ್ಲ, ನನಗೆ ನಾಟಕ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ? – ಶಿಕ್ಷಕಿ, ಮುಳ್ಳೇರಿಯ ಸಮೀಪ

ತಂಗೀ, ಎರಡು ಬೆಂಚುಗಳಿವೆಯೇ? ಹಾಗಿದ್ದರೆ ಸಾಕು.

ನಾನು ಕೆಲಸಕ್ಕೆ ಸೇರಿದ ಐದನೆಯ ವರ್ಷ ನಡೆದದ್ದನ್ನು ಹೇಳುತ್ತೇನೆ. ನೀರಿನ ಮೂಲಗಳ ಬಗ್ಗೆ ಒಂದು ಪಾಠವಿತ್ತು. ಕೆರೆ, ಬಾವಿ, ನದಿ ಎಂದೆಲ್ಲ ಅದರಲ್ಲಿತ್ತು, ಆದರೆ ನಮ್ಮ ಗುಡ್ಡದ ಮಕ್ಕಳು ದಿನವೂ ಕುಡಿಯುವ ಸುರಂಗದ ನೀರಿನ ಪ್ರಸ್ತಾಪ ಇರಲಿಲ್ಲ. ನಮ್ಮ ಕಡೆಯ ಸುರಂಗ ನಿಮಗೆ ಗೊತ್ತಲ್ಲ? ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟೇ ಅಗಲಕ್ಕೆ ಕೊರೆಯುತ್ತಾ ಹೋಗುತ್ತಾರೆ. ಕಲ್ಲಿನ ಪದರಿನಿಂದ ಜಿನುಗಿದ ನೀರು ಪಂಪೂ ಇಲ್ಲದೆ, ಹಗ್ಗವೂ ಇಲ್ಲದೆ ಇಳಿಜಾರಿನಲ್ಲಿ ತಾನಾಗಿ ಹೊರಗೆ ಹರಿದು ಬರುತ್ತದೆ. ಆ ಪಾಠವನ್ನು ನಾಟಕ ಮಾಡೋಣ ಎಂದು ಮಕ್ಕಳೊಡನೆ ಹೇಳಿದೆ. ನನಗೂ ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಎರಡು ಬೆಂಚುಗಳನ್ನು ಒಂದೂವರೆ ಅಡಿ ಅಂತರದಲ್ಲಿ ಎದುರುಬದುರಾಗಿ ಇಟ್ಟು ಮೇಲೆ ಹಳೆಯ ಸೀರೆ ಹೊದೆಸಿದೆವು. ಅದೇ ಸುರಂಗ. ಒಬ್ಬ ಒಳಗೆ ಅಗೆಯುವವನು, ಒಬ್ಬ ಮಣ್ಣನ್ನು ಹೆಡಿಗೆಯಲ್ಲಿ ಎಳೆಯುವವನು, ಹೊರಗೆ ಮನೆಯವರು. ಹತ್ತು ನಿಮಿಷದಲ್ಲಿ ಅದು ಬರಿಯ ಆಟವಾಗಿ ಹೋಯಿತು. ಎಲ್ಲರೂ ನಕ್ಕು, ಬೆಂಚು ಬಿದ್ದು, ಗಲಾಟೆ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಬಂದು ನಿಂತರು. ಅಂದೇ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಮರುದಿನ ಮರಾಠಿ ಮನೆಮಾತಿನ ಒಬ್ಬ ಹುಡುಗ ತನ್ನ ಅಜ್ಜನನ್ನು ಕರೆದುಕೊಂಡು ಬಂದ. ಆ ಹುಡುಗ ಜೂನ್ ತಿಂಗಳಿನಿಂದ ಒಂದು ಮಾತನ್ನೂ ಆಡಿದವನಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದ, ಅಷ್ಟೇ. ಅವನ ಅಜ್ಜ ಸುರಂಗ ತೋಡುವವರು. ಆ ಹಿರಿಯರು ನೆಲದ ಮೇಲೆ ಕುಳಿತು ಪಿಕ್ಕಾಸನ್ನು ಹೇಗೆ ಹಿಡಿಯಬೇಕು, ಮೊಣಕಾಲನ್ನು ಎಲ್ಲಿಗೆ ಒತ್ತಬೇಕು, ಒಂದು ಕೋಲು ಎಂದರೆ ಎಷ್ಟು ಉದ್ದ ಎಂದು ತೋರಿಸಿದರು. ಎರಡೂವರೆ ಅಡಿಗೆ ಹತ್ತಿರವೆಂದು ಮಕ್ಕಳೇ ಸ್ಕೇಲಿಟ್ಟು ಅಳೆದರು. ಕೊನೆಗೆ ಅವರು ಒಂದು ವಿಷಯ ಹೇಳಿದರು: ಒಳಗೆ ಹೋಗುವಾಗ ದೀಪವನ್ನು ಕೊಂಡುಹೋಗುವುದು ಬೆಳಕಿಗೆ ಮಾತ್ರವಲ್ಲ. ದೀಪ ನಂದಿದರೆ ಉಸಿರಾಡುವ ಗಾಳಿ ಮುಗಿಯಿತೆಂದು ಅರ್ಥ, ತಕ್ಷಣ ಹೊರಗೆ ಬರಬೇಕು.

ಅಂದು ಆಟ ನಾಟಕವಾಯಿತು. ದೀಪ ಹಿಡಿಯುವ ಕೆಲಸವನ್ನು ಆ ಮೌನಿ ಹುಡುಗನಿಗೇ ಕೊಟ್ಟೆ, ಮಾತೇನೂ ಬೇಡವಲ್ಲ ಎಂದು. ಅಗೆಯುವವನ ಹಿಂದೆ ಅವನು ತೆವಳುತ್ತಾ ಹೋದ. ಸೀರೆಯ ಕತ್ತಲೆಯಲ್ಲಿ ತಾನೇ ದೀಪವನ್ನು ಊದಿದ. ಊದಿ, ತನ್ನ ಮನೆಮಾತಿನಲ್ಲಿ ಏನನ್ನೋ ಗಟ್ಟಿಯಾಗಿ ಕೂಗಿದ. ತರಗತಿ ಸ್ತಬ್ಧವಾಯಿತು. ನಾನು ಹೊರಗಿನಿಂದ ಮನೆಯ ಯಜಮಾನಿಯ ಹಾಗೆ, "ಏನು? ನನಗೆ ಕೇಳಿಸಲಿಲ್ಲ, ನನಗೆ ಕನ್ನಡ ಮಾತ್ರ ಬರುವುದು" ಎಂದೆ. ಅವನು, "ಹಿಂದೆ ಬನ್ನಿ! ಗಾಳಿ ಇಲ್ಲ! ಬೇಗ ಹಿಂದೆ ಬನ್ನಿ!" ಎಂದು ಕೂಗಿದ. ಆ ವರ್ಷ ನಾವು ಅವನ ಬಾಯಿಂದ ಕೇಳಿದ ಮೊದಲ ಕನ್ನಡ ವಾಕ್ಯ ಅದು. ಒಬ್ಬರ ಪ್ರಾಣ ಉಳಿಸುವ ವಾಕ್ಯ!

ನಾನು ಆಗ ಮಾಡಿದ್ದು ಏನೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ. ಶಿಕ್ಷಕಿಯೇ ಒಂದು ಪಾತ್ರವಾಗಿ ಮಕ್ಕಳ ಕತೆಯ ಒಳಗೆ ನಿಲ್ಲುವುದನ್ನು ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ ಎಂಬವರು ಒಂದು ಬೋಧನ ಕ್ರಮವಾಗಿಯೇ ಬೆಳೆಸಿದ್ದಾರೆ. ಆ ದೇಶದ ಕೊವೆಂಟ್ರಿಯ ರಂಗಮಂದಿರದವರು 1965ರಲ್ಲಿ ಶಾಲೆಗಳಿಗೇ ಹೋಗಿ ಪಾಠವನ್ನೂ ನಾಟಕವನ್ನೂ ಬೆಸೆಯುವ ಕೆಲಸ ಶುರು ಮಾಡಿದರು. ನಮ್ಮ ರಾಷ್ಟ್ರೀಯ ನಾಟಕ ಶಾಲೆ ಇದಕ್ಕೆಂದೇ ಒಂದು ತಂಡ ಕಟ್ಟಿದ್ದು 1989ರಲ್ಲಿ. ಅದಕ್ಕೂ ಎಷ್ಟೋ ಮೊದಲು, ನಮ್ಮ ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದ ಮಕ್ಕಳೊಡನೆ ಹಾಡು, ಕುಣಿತ, ನಾಟಕಗಳನ್ನೇ ಓದಿನ ದಾರಿ ಮಾಡಿಕೊಂಡಿದ್ದರು. ನೀವು ಮಾಡಹೊರಟಿರುವುದಕ್ಕೆ ಹಿಂದೆ ಇಷ್ಟು ಜನ ನಡೆದ ದಾರಿ ಇದೆ, ಧೈರ್ಯವಾಗಿರಿ.

ನನ್ನ ತಪ್ಪುಗಳಿಂದ ಕಲಿತ ಕೆಲವನ್ನು ಹೇಳುತ್ತೇನೆ. ಮೊದಲ ತಿಂಗಳು ಸಂಭಾಷಣೆ ಬರೆದುಕೊಡಬೇಡಿ. ಬರೆದುಕೊಟ್ಟ ಕೂಡಲೇ ಓದು ಬಲ್ಲ ನಾಲ್ಕು ಮಕ್ಕಳು ಮುಂದೆ ಬರುತ್ತಾರೆ, ಹನ್ನೆರಡು ಮಂದಿ ಗೋಡೆಗೆ ಒರಗುತ್ತಾರೆ. ಸನ್ನಿವೇಶವನ್ನು ಮಾತ್ರ ಕೊಡಿ: ಕೊನೆಯ ಬಸ್ಸು ತಪ್ಪಿದೆ, ಅಂಗಡಿಯಲ್ಲಿ ಚಿಲ್ಲರೆ ಇಲ್ಲ, ಅಡಿಕೆ ಒಣಹಾಕಿದ ಅಂಗಳಕ್ಕೆ ಮಳೆ ಬರುತ್ತಿದೆ. ಮೊದಲ ಸಲ ಮಕ್ಕಳು ತಮ್ಮ ಮನೆಮಾತಿನಲ್ಲೇ ಆಡಲಿ, ತಡೆಯಬೇಡಿ. ಎರಡನೆಯ ಸಲ ಕನ್ನಡ ಮಾತ್ರ ಬಲ್ಲ ಒಬ್ಬರು ಆ ಸನ್ನಿವೇಶಕ್ಕೆ ಬಂದರೆಂದು ಮಾಡಿ. ಆ ಒಬ್ಬರು ನೀವೇ. ಆಗ ಕನ್ನಡ ನಿಮ್ಮ ಅಪ್ಪಣೆಯಿಂದಾಗಿ ಬರುವುದಿಲ್ಲ, ಅಗತ್ಯದಿಂದಾಗಿ ಬರುತ್ತದೆ. ತಪ್ಪು ಉಚ್ಚಾರವನ್ನು ಆಟದ ನಡುವೆ ತಿದ್ದಬೇಡಿ. ಸಕಾರ ಶಕಾರದ ವಿಚಾರವೆಲ್ಲ ನಾಳೆ ಕರಿಹಲಗೆಯ ಮೇಲೆ ನೋಡಿಕೊಳ್ಳಿ. ಮೈಕು ತರಿಸಬೇಡಿ. ಒಂದು ಮಗು ಅಂಗಳದ ಆಚೆಯ ತೆಂಗಿನ ಮರದವರೆಗೆ ತನ್ನ ದನಿಯನ್ನು ಮುಟ್ಟಿಸಲು ಕಲಿಯುವುದು ನಾಟಕದ ಅರ್ಧ ವಿದ್ಯೆ. ಗಲಾಟೆ ಆಗುತ್ತದೆ, ಪಕ್ಕದ ತರಗತಿಯವರು ದೂರು ಹೇಳುತ್ತಾರೆ. ವಾರಕ್ಕೆ ಒಂದೇ ಅವಧಿ, ನಲವತ್ತು ನಿಮಿಷ, ಅದೂ ಹೊರಗೆ ಮರದಡಿಯಲ್ಲಿ ಎಂದು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದುಕೊಳ್ಳಿ.

ಆಟ ಮುಗಿದ ಮೇಲೆ ಹತ್ತು ನಿಮಿಷವಾದರೂ ಕುಳಿತು ಮಾತಾಡಿ. ದೀಪ ನಂದಿದಾಗ ಒಳಗಿದ್ದವನಿಗೆ ಏನನ್ನಿಸಿತು? ಹೊರಗಿದ್ದ ಅಮ್ಮನಿಗೆ? ಇದನ್ನು ಬಿಟ್ಟರೆ ಅರ್ಧ ಪಾಠವೇ ಹೋದ ಹಾಗೆ.

ಪ್ರಶ್ನೆ: ನಮ್ಮ ಊರಿನಲ್ಲಿ ಯಕ್ಷಗಾನವಿರುವಾಗ ಶಾಲೆಯಲ್ಲಿ ನಾಟಕ ಯಾಕೆ? ಮಕ್ಕಳಿಗೆ ಹೆಜ್ಜೆ ಕಲಿಸಿದರೆ ಸಾಲದೇ? – ಹಿರಿಯ ಓದುಗರು, ಕುಂಬಳೆ

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಿಂದ ಬಂದ ಪ್ರಶ್ನೆ. ಕೈಮುಗಿದೇ ಉತ್ತರಿಸುತ್ತೇನೆ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ತಾಳ, ಹೆಜ್ಜೆ, ಚೆಂಡೆಯ ಪೆಟ್ಟಿಗೆ ಮೈಯನ್ನು ಒಗ್ಗಿಸುವ ಶಿಸ್ತು ಮಕ್ಕಳಿಗೆ ಸಿಗಲೇಬೇಕು. ಆದರೆ ನಮ್ಮ ಶಾಲೆಗಳಲ್ಲಿ ಈಗ ಕಲಿಸುತ್ತಿರುವುದು ಯಕ್ಷಗಾನದ ಅರ್ಧ ಮಾತ್ರ. ದಿಗಿಣ ಹಾರಿಸುತ್ತೇವೆ, ವೇಷ ಕಟ್ಟಿಸುತ್ತೇವೆ, ಅರ್ಥವನ್ನು, ಅಂದರೆ ಪಾತ್ರಧಾರಿ ಆಡುವ ಮಾತನ್ನು, ಮಾತ್ರ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತೇವೆ. ಪದ್ಯವನ್ನು ಕೇಳಿ, ಎದುರಾಳಿಯ ಮಾತಿನ ಎಳೆ ಹಿಡಿದು, ಅಲ್ಲಿಯೇ ಮಾತು ಕಟ್ಟುವುದಲ್ಲವೇ ನಮ್ಮ ಕಲೆಯ ಜೀವ? ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕೇಳಲು ಜನ ನಿದ್ದೆಗೆಟ್ಟು ಕುಳಿತಿರುತ್ತಿದ್ದದ್ದು ಆ ಮಾತಿಗಾಗಿ.

ಆದ್ದರಿಂದ ನನ್ನ ಸಲಹೆ ಇಷ್ಟು: ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಂದ ತಾಳಮದ್ದಳೆ, ಅಂದರೆ ಕುಳಿತು ಪದ್ಯ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ, ಮಾಡಿಸಿ. ವೇಷ ಬೇಡ, ಬಣ್ಣ ಬೇಡ, ಖರ್ಚಿಲ್ಲ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನಲ್ಲ, ಆ ಸನ್ನಿವೇಶವನ್ನು ಕೊಟ್ಟು ನೋಡಿ. ಮರುವಾರ ರಾಮನಾದವನು ವಾಲಿಯಾಗಲಿ, ವಾಲಿಯಾದವನು ರಾಮನಾಗಲಿ. ನಿನ್ನೆ ತಾನೇ ಆಡಿದ ಮಾತಿಗೆ ಇಂದು ತಾನೇ ಉತ್ತರ ಹುಡುಕಬೇಕಾದ ಮಗು ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ನಾನು ನೋಡಿದ್ದೇನೆ.

ನಾಟಕವನ್ನು ಯಾಕೆ ಬಿಡಬಾರದು ಎಂದರೆ, ಯಕ್ಷಗಾನದಲ್ಲಿ ಮಗು ಒಂದು ತಯಾರಾದ ದೊಡ್ಡ ಮನೆಯೊಳಗೆ ಹೋಗುತ್ತದೆ. ತನ್ನ ಅಜ್ಜನ ಪಿಕ್ಕಾಸಿಗೆ, ತನ್ನ ಬಸ್ಸಿಗೆ ಆ ಮನೆಯಲ್ಲಿ ಜಾಗ ಸಿಗುವುದು ಕಷ್ಟ. ಎರಡೂ ಒಂದೇ ಮಗುವಿನಲ್ಲಿ ಬೆಳೆಯಬಲ್ಲವು. ಬಂಟ್ವಾಳ ಕಡೆಯ ಮಂಚಿಯಲ್ಲಿ ಹುಟ್ಟಿದ ರಂಗನಿರ್ದೇಶಕ ಬಿ.ವಿ. ಕಾರಂತರ ನಾಟಕಗಳ ಹಾಡಿನಲ್ಲಿ, ನಡೆಯಲ್ಲಿ ಈ ನೆಲದ ಯಕ್ಷಗಾನದ ಸದ್ದು ಕೇಳಿಸುತ್ತದೆ.

ಪ್ರಶ್ನೆ: ಈ ಬಾರಿ ಕಲೋತ್ಸವದ (ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯ) ನಾಟಕಕ್ಕೆ ಹೊರಗಿನಿಂದ ತರಬೇತುದಾರರನ್ನು ಕರೆಸಿ, ರಂಗಸಜ್ಜಿಕೆ, ಬಟ್ಟೆ, ಬೆಳಕು ಎಲ್ಲ ಸೇರಿ 60,000 ರೂಪಾಯಿ ಖರ್ಚು ಮಾಡಿದೆವು. ಉಪಜಿಲ್ಲೆಯಲ್ಲಿ ಬಿ ಗ್ರೇಡ್ ಬಂತು. ಅಪೀಲು ಹೋಗಬೇಕೆಂದು ಕೆಲವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ? – ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರು, ಉಪ್ಪಳ ಸಮೀಪ

ಹೋಗಬೇಡಿ. ಅಪೀಲಿಗೆ ಕಟ್ಟುವ ಹಣ, ಓಡಾಟ, ಮಕ್ಕಳ ಮನಸ್ಸಿನ ಕಹಿ, ಇದು ಯಾವುದಕ್ಕೂ ಬಿ ಗ್ರೇಡ್ ಅರ್ಹವಲ್ಲ.

ಕಲೋತ್ಸವದ ಮೇಲೆ ನನಗೆ ಅಪಾರ ಗೌರವವಿದೆ. 1957ರಲ್ಲಿ ಎರ್ನಾಕುಳದಲ್ಲಿ ಸಣ್ಣದಾಗಿ ಶುರುವಾದ ಈ ಉತ್ಸವ ಇಂದು ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಲೆಕ್ಕವಿಲ್ಲದಷ್ಟು ಮಕ್ಕಳನ್ನು ವೇದಿಕೆಗೆ ತರುತ್ತದೆ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಿಗೇ ಬಂದಿತ್ತು. ನಾನು ಬೆಳಿಗ್ಗೆಯಿಂದ ರಾತ್ರಿಯವರೆಗೆ ವೇದಿಕೆಯಿಂದ ವೇದಿಕೆಗೆ ಅಲೆದೆ. ಯಾರ ಮನೆಯ ಮಕ್ಕಳೆಂದು ಕೇಳದೆ ಜನ ಕಿಕ್ಕಿರಿದು ನಿಂತು ನಾಟಕ ನೋಡುವುದು ಎಲ್ಲ ಊರಿನಲ್ಲೂ ಕಾಣಸಿಗುವುದಿಲ್ಲ.

ಆದರೆ ಹಣದ ಮಾತು ಬೇರೆ. ನಾನೂ ಒಂದು ವರ್ಷ ಹೊರಗಿನ ತರಬೇತುದಾರರನ್ನು ಕರೆಸಿದ್ದೆ. ಅವರು ಶ್ರದ್ಧೆಯಿಂದಲೇ ಕಲಿಸಿದರು. ಆದರೆ ಹತ್ತು ಮಕ್ಕಳೂ ಅವರ ಹಾಗೆಯೇ ಕತ್ತು ತಿರುಗಿಸುತ್ತಿದ್ದರು, ಅವರ ಹಾಗೆಯೇ ದನಿ ಇಳಿಸುತ್ತಿದ್ದರು. ಎ ಗ್ರೇಡ್ ಬಂತು. ಊರಿಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಒಂದು ಹುಡುಗಿಯ ಮಾತು: "ಟೀಚರ್, ನನ್ನ ಅಮ್ಮ ಇನ್ನೂ ನಮ್ಮ ನಾಟಕ ನೋಡಿಲ್ಲ." ನಿಜ, ಸ್ಪರ್ಧೆಗೆಂದು ಸಿದ್ಧಪಡಿಸಿದ ಆ ನಾಟಕವನ್ನು ನಮ್ಮ ಶಾಲೆಯ ಮಕ್ಕಳೇ ನೋಡಿರಲಿಲ್ಲ. ಅಂಗಳದಲ್ಲಿ ಆಡಿಸಲು ಸಜ್ಜಿಕೆಯ ಬಾಡಿಗೆ ಮುಗಿದಿತ್ತು.

ನಿಮ್ಮ ನಾಟಕ ಸಿದ್ಧವಾಗಿದೆಯಲ್ಲ? ಸಜ್ಜಿಕೆ ಇಲ್ಲದೆಯೇ ಈ ತಿಂಗಳು ಐದು ಕಡೆ ಆಡಿಸಿ: ನಿಮ್ಮ ಶಾಲೆಯಲ್ಲಿ, ಊರಿನ ವಾಚನಾಲಯದಲ್ಲಿ, ಒಂದು ಕುಟುಂಬಶ್ರೀ ಮಹಿಳಾ ಸಂಘದ ಸಭೆಯಲ್ಲಿ, ಪಕ್ಕದ ಎರಡು ಶಾಲೆಗಳಲ್ಲಿ. ಐದನೆಯ ಪ್ರದರ್ಶನದ ಹೊತ್ತಿಗೆ ಮಕ್ಕಳು ತರಬೇತುದಾರರ ನೆರಳಿನಿಂದ ಹೊರಗೆ ಬಂದಿರುತ್ತಾರೆ. ಮುಂದಿನ ವರ್ಷದ ಹಣದಲ್ಲಿ ಒಂದು ಕಪ್ಪು ಪರದೆ, ಎರಡು ದೀಪ, ಒಂದಷ್ಟು ನಾಟಕದ ಪುಸ್ತಕಗಳನ್ನು ಕೊಳ್ಳಿ. ಉಳಿದದ್ದರಲ್ಲಿ ನಿಮ್ಮ ಶಾಲೆಯ ಒಬ್ಬ ಶಿಕ್ಷಕರನ್ನು ರಂಗ ಶಿಬಿರಕ್ಕೆ ಕಳುಹಿಸಿ. ಅವರು ಕಲಿತದ್ದು ಶಾಲೆಯಲ್ಲೇ ಉಳಿಯುತ್ತದೆ.

ಪ್ರಶ್ನೆ: ಟೀಚರ್, ನಾನು ಆರನೆಯ ತರಗತಿ. ನನಗೆ ಯಾವಾಗಲೂ ಮರದ ಪಾತ್ರ. ಕೈ ಮೇಲೆತ್ತಿ ನಿಲ್ಲಬೇಕು. ಮಾತೇ ಇಲ್ಲ. ಚಂದ ಇರುವವರಿಗೆ ಮಾತ್ರ ದೊಡ್ಡ ಪಾತ್ರ ಕೊಡುತ್ತಾರೆ. ನಾನು ಏನು ಮಾಡಲಿ? – ಬದಿಯಡ್ಕದಿಂದ ಒಬ್ಬಳು

ಮಗೂ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ಯಾವಾಗಲೂ ಒಬ್ಬಳಿಗೇ ಮರದ ಪಾತ್ರ ಕೊಡುವುದು ಸರಿಯಲ್ಲ. ಈ ಪುಟವನ್ನು ನಿನ್ನ ಟೀಚರಿಗೆ ತೋರಿಸು. ಟೀಚರೇ, ನೀವು ಓದುತ್ತಿದ್ದರೆ, ಅಭ್ಯಾಸದ ದಿನಗಳಲ್ಲಿ ಎಲ್ಲ ಮಕ್ಕಳೂ ಎಲ್ಲ ಪಾತ್ರಗಳನ್ನೂ ಒಂದೊಂದು ಸಲ ಆಡಲಿ. ಕೊನೆಯ ವಾರದಲ್ಲಿ ಮಾತ್ರ ಯಾರು ಯಾವುದೆಂದು ಗೊತ್ತುಮಾಡಿ. ಮುಖ ನೋಡಿ ರಾಜಕುಮಾರಿಯನ್ನು ಆರಿಸಬೇಡಿ.

ಇನ್ನು ಈ ಸಲದ ಮರದ ವಿಚಾರ. ನೀನು ಯಾವ ಮರ ಎಂದು ಯಾರಾದರೂ ಹೇಳಿದ್ದಾರೆಯೇ? ಹೇಳಿಲ್ಲವಾದರೆ ನೀನೇ ಆರಿಸಿಕೊ. ಹಲಸಿನ ಮರ ಮೈತುಂಬ ಕಾಯಿ ಹೊತ್ತು ನಿಲ್ಲುವುದಕ್ಕೂ ಅಡಿಕೆಮರ ಗಾಳಿಗೆ ತೂಗುವುದಕ್ಕೂ ಎಷ್ಟು ವ್ಯತ್ಯಾಸವಿದೆ ನೋಡು. ಎರಡೂ ಕೈ ಮೇಲೆತ್ತಿ ನಿಲ್ಲುವುದಿಲ್ಲ. ಪಾಲೆಮರವಾದರೆ? ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಯಾರೋ ಬಂದು ಕಲ್ಲಿನಿಂದ ಅದರ ತೊಗಟೆ ಜಜ್ಜುತ್ತಾರೆ, ಮನೆಯವರೆಲ್ಲ ಅದರ ಕಹಿ ಕಷಾಯ ಕುಡಿಯುತ್ತಾರೆ. ಕತ್ತಲೆಯಲ್ಲಿ ಹೆಜ್ಜೆ ಸದ್ದು ಕೇಳಿದಾಗ ಆ ಮರಕ್ಕೆ ಏನನ್ನಿಸುತ್ತದೆ? ನಿನ್ನ ನಾಟಕದಲ್ಲಿ ನಿನ್ನ ಬುಡದಲ್ಲಿ ನಿಂತು ಯಾರು ಯಾರು ಮಾತಾಡುತ್ತಾರೆ? ಯಾರ ಗುಟ್ಟು ನಿನಗೆ ಗೊತ್ತು? ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆ. ನಿನ್ನ ಟೀಚರಿಗೆ ಓದಿ ಹೇಳಿ, ಮರಕ್ಕೂ ಒಂದು ಮಾತು ಇರಬಹುದೇ ಎಂದು ಕೇಳು.

ಯಾವ ಮರವಾದೆ ಎಂದು ನನಗೂ ಕಾಗದ ಬರೆ. ಮುಂದಿನ ಸಂಚಿಕೆಯ ಮೊದಲ ಉತ್ತರದ ಜಾಗವನ್ನು ನಿನಗಾಗಿ ಖಾಲಿ ಇಟ್ಟಿದ್ದೇನೆ.